ಗುಂಡಿ ಹಾಕಿದ ಜೇಬು

ನಮ್ಮ ಬೀದಿಯ ಕಸದ ಲಾರಿಗೆ ಬೆಂಕಿ ಹಚ್ಚಿದವನು ನಾನೇ. ಕಡ್ಡಿ ಗೀರಲಿಲ್ಲ, ಲಾರಿ ಹತ್ತಿರ ಸುಳಿಯಲೂ ಇಲ್ಲ. ಬೆಂಕಿ ಬಿದ್ದಾಗ ನಾನು ಮಿಷನ್ ಮುಂದೆ ಕೂತು ಒಂದು ಪೈಜಾಮಕ್ಕೆ ಲಾಡಿ ಪೋಣಿಸ್ತಿದ್ದೆ. ಆದ್ರೂ ಹಚ್ಚಿದವನು ನಾನೇ. ಈಗ ಇಷ್ಟು ಸಲೀಸಾಗಿ ಹೇಳ್ತಿದ್ದೀನಲ್ಲ, ಆಗ ಈ ಒಂದು ಮಾತು ಬಾಯಿಂದ ಹೊರಗೆ ಬರೋಕೆ ಆರು ದಿನ ಹಿಡೀತು.

ನಾನು ಟೈಲರ್. ಬೀದಿಯವರು ಬುರುಡೆ ಟೈಲರ್ ಅಂತಾರೆ. ನಾನು ಬುರುಡೆ ಬಿಡ್ತೀನಂತೆ. ಹಿಂದೊಮ್ಮೆ ಒಬ್ಬ ಗಿರಾಕಿಗೆ ಕೋಟು ಹೊಲಿದುಕೊಟ್ಟೆ. ಅದು ಎಷ್ಟು ಹದವಾಗಿ ಕೂತಿತ್ತು ಅಂದ್ರೆ, ಅವನು ಕನ್ನಡಿ ಬಿಟ್ಟು ಹೊರಟು ಹೋದ್ಮೇಲೂ ಕೋಟು ಇನ್ನರ್ಧ ಗಂಟೆ ಕನ್ನಡಿ ಮುಂದೆ ನಿಂತಿತ್ತು. ನಡೆದಿದ್ದನ್ನ ನಡೆದ ಹಾಗೆ ಹೇಳಿದ್ರೆ ಜನ ನಗ್ತಾರೆ. ಇರಲಿ.

ಮುಂದಿನ ಕೋಣೆಯಲ್ಲಿ ನನ್ನ ಅಂಗಡಿ, ಒಳಗೆ ಅಕ್ಕ ಮತ್ತು ಭಾವ. ಅಕ್ಕ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ನಿವೃತ್ತಿ ಆಗಿ ಎರಡು ವರ್ಷ ಆಯ್ತು, ಆದ್ರೆ ಆ ಸುದ್ದಿ ಅವಳ ಕಿವಿಗೆ ಇನ್ನೂ ಮುಟ್ಟಿಲ್ಲ. ಸೀಟಿ ಇವತ್ತಿಗೂ ಕೊರಳಲ್ಲೇ ಇದೆ. ಒಂದು ಸಲ ಊದಿದ್ರೆ ನಿಲ್ಲು, ಎರಡು ಸಲ ಊದಿದ್ರೆ ಹೊರಡು. ಬಚ್ಚಲಲ್ಲಿ ಯಾರಾದ್ರೂ ಜಾಸ್ತಿ ಹೊತ್ತು ಕೂತ್ರೆ ಬಾಗಿಲಾಚೆಯಿಂದ ಎರಡು ಸೀಟಿ ಕೇಳುತ್ತೆ.

ಭಾವ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಅವರ ಆಡಳಿತದಲ್ಲಿ ಯಾವ ಸೆಲ್ಲಿಗೂ ಸುಖವಾದ ಸಾವಿಲ್ಲ. ಹೊಸ ಸೆಲ್ಲು ಮೊದಲು ಟಾರ್ಚಿಗೆ ಹೋಗುತ್ತೆ. ಟಾರ್ಚು ಮಂಕಾದ್ರೆ ಅಲ್ಲಿಂದ ರೇಡಿಯೋಗೆ ವರ್ಗ. ರೇಡಿಯೋ ಗೊಣಗೋಕೆ ಶುರು ಮಾಡಿದ್ರೆ ಟೀವಿ ರಿಮೋಟಿಗೆ. ರಿಮೋಟೂ ಒಲ್ಲೆ ಅಂದ್ಮೇಲೆ ಎರಡು ದಿನ ಬಿಸಿಲಲ್ಲಿ ಒಣಗಿಸಿ, ಒಂದು ಸಲ ಹಲ್ಲಲ್ಲಿ ಕಚ್ಚಿ, ಗೋಡೆ ಗಡಿಯಾರಕ್ಕೆ. ಹಾಗಾಗಿ ನಮ್ಮನೆ ಗಡಿಯಾರದ ಮುಳ್ಳು ಆರರಿಂದ ಹನ್ನೆರಡಕ್ಕೆ ಹತ್ತೋವಾಗ ಒಂಬತ್ತರ ಹತ್ರ ಕೂತು, ಸುಧಾರಿಸಿಕೊಂಡು, ಆಮೇಲೆ ಮುಂದೆ ಹೋಗ್ತಿತ್ತು. ಊರಿಗೂ ನಮ್ಮನೆಗೂ ನಲವತ್ತು ನಿಮಿಷದ ವ್ಯತ್ಯಾಸ. ಹೊರಗಿಂದ ಬಂದವರಿಗೆ ನಮ್ಮನೇಲಿ ವಯಸ್ಸು ಸ್ವಲ್ಪ ನಿಧಾನವಾಗಿ ಆಗ್ತಿತ್ತು.

ಗಡಿಯಾರದಿಂದಲೂ ಇಳಿದ ಸೆಲ್ಲು ಕಬ್ಬಿಣದ ಬೀರು ಮೇಲಿದ್ದ ಬಿಸ್ಕತ್ತಿನ ಡಬ್ಬಿಗೆ. ಹದಿನೆಂಟು ವರ್ಷದ ಸೆಲ್ಲುಗಳು ಅದರಲ್ಲಿದ್ವು. ಬಿಸಾಕೋಣ ಅಂದ್ರೆ ಭಾವ, ಏನಕ್ಕಾದ್ರೂ ಬೇಕಾಗಬಹುದು ಅಂತಿದ್ರು.

ನನ್ನ ಪಾಪಕ್ಕೆ ಮಾತ್ರ ಆ ಡಬ್ಬಿಯಲ್ಲಿ ಜಾಗ ಸಿಗಲಿಲ್ಲ. ನನ್ನ ಹಳೇ ಫೋನಿಗೆ ಹೊಟ್ಟೆ ಬಂತು. ದಿನಾ ಒಂದು ಕೂದಲಷ್ಟು ಊದಿ, ಕೊನೆಗೆ ಬೆನ್ನಿನ ಮುಚ್ಚಳ ತಾನೇ ಎದ್ದು ಪಕ್ಕಕ್ಕೆ ಬಿತ್ತು. ಒಳಗಿನ ಬ್ಯಾಟರಿ ದಿಂಬಿನ ಹಾಗೆ ಕೂತಿತ್ತು. ಅಕ್ಕ ಅದನ್ನ ದೂರದಿಂದಲೇ ನೋಡಿ, ಚುಚ್ಚಬೇಡ, ಕಸಕ್ಕೆ ಹಾಕಬೇಡ, ಹಳೇ ಕರೆಂಟಿನ ಸಾಮಾನು ತಗೊಳ್ಳೋ ಕೇಂದ್ರ ಇದೆ, ಅಲ್ಲಿಗೆ ಕೊಟ್ಟು ಬಾ ಅಂದ್ಳು. ಬಸ್ ನಂಬರೂ ಹೇಳಿದ್ಳು, ಎಲ್ಲಿ ಇಳಿದು ಯಾವ ಬಸ್ ಹಿಡೀಬೇಕು ಅಂತಲೂ ಹೇಳಿದ್ಳು.

ಎರಡು ಬಸ್. ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. ನನಗೆ ಮದುವೆಯ ಮೂರು ಕೋಟು ಕಾಯ್ತಿದ್ವು. ಬ್ಯಾಟರಿಯನ್ನ ನನ್ನ ಒಂದು ಹಳೇ ಅಂಗಿಯ ಜೇಬಿಗೆ ಹಾಕಿದೆ. ಬಿದ್ದುಗಿದ್ದು ಹೋದ್ರೆ ಕಷ್ಟ, ಭದ್ರವಾಗಿರಲಿ ಅಂತ ಜೇಬಿಗೆ ಗುಂಡಿ ಕೂಡ ಹಾಕಿದೆ. ಆಮೇಲೆ ಅಂಗಿಯನ್ನ ಸುತ್ತಿ, ಕತ್ತರಿಸಿದ ಬಟ್ಟೆ ಚೂರುಗಳ ಚೀಲದ ತಳಕ್ಕೆ ತುರುಕಿ, ಚೀಲದ ಬಾಯಿ ಕಟ್ಟಿ ಕಸಕ್ಕೆ ಇಟ್ಟೆ.

ಕೊಟ್ಟು ಬಂದ್ಯಾ ಅಂತ ಅಕ್ಕ ಕೇಳಿದ್ಳು. ಕೊಟ್ಟೆ ಅಂದೆ. ಅಷ್ಟಕ್ಕೆ ನಿಲ್ಲಿಸಿದ್ರೆ ಆಗ್ತಿತ್ತು. ಕೇಂದ್ರಕ್ಕೆ ಎಂಥಾ ಏಸಿ ಹಾಕಿದ್ದಾರೆ ಅಂತೀಯ ಅಂದೆ. ಅಲ್ಲಿನವರು ಬಿಳಿ ಕೈಗವಸು ಹಾಕ್ಕೊಂಡು ಎರಡೂ ಕೈಯಲ್ಲಿ ತಗೊಂಡ್ರು, ಕೂರಿಸಿ ಟೀ ಕೊಟ್ರು, ನಿಮ್ಮಂಥವರು ಊರಿಗೆ ಹತ್ತು ಜನ ಇದ್ರೆ ಸಾಕು ಅಂದ್ರು ಅಂತಲೂ ಹೇಳಿದೆ. ಅಕ್ಕನಿಗೆ ಎಷ್ಟು ಖುಷಿ ಆಯ್ತು ಅಂದ್ರೆ, ಅವತ್ತು ಅವಳೂ ನನಗೆ ಒಂದು ಟೀ ಕೊಟ್ಳು.

ಅದು ಭಾನುವಾರ. ಸೋಮವಾರ ಬೆಳಿಗ್ಗೆ ಹತ್ತೂ ಕಾಲಿಗೆ, ಊರ ಸಮಯ ಹೇಳ್ತಿದ್ದೀನಿ, ಕಸದ ಲಾರಿ ನಮ್ಮ ಮೂಲೆಗೆ ಬಂತು. ಮನೆ ಮನೆಯಿಂದ ತಳ್ಳೋ ಗಾಡಿಯಲ್ಲಿ ಕಸ ತಂದು ಲಾರಿಗೆ ಸುರಿಯೋದು ಒಬ್ಬ ಹೆಂಗಸು. ಹನ್ನೊಂದು ವರ್ಷದಿಂದ ಅವಳೇ. ಬೀದಿಗೆಲ್ಲ ಅವಳು ಗಾಡಿಯಮ್ಮ. ಯಾರ ಮನೇಲಿ ಯಾರಿಗೆ ಯಾವ ಮಾತ್ರೆ, ಯಾರ ಮನೆಗೆ ನೆಂಟರು ಬಂದು ಎಷ್ಟು ದಿನ ಆಯ್ತು, ಎಲ್ಲಾ ಅವಳಿಗೆ ಗೊತ್ತು. ಒಂದು ಮಾತೂ ಅವಳ ಬಾಯಿಂದ ಹೊರಗೆ ಬಿದ್ದಿಲ್ಲ.

ಅವಳು ಸುರಿದ್ಳು, ಲಾರಿಯ ಹಲಗೆ ಇಳಿದು ಕಸ ಅದುಮ್ತು, ಒಳಗೆ ಢಬ್ ಅಂತು. ಹೊಗೆ. ಆಮೇಲೆ ಉರಿ. ಡ್ರೈವರ್ ಲಾರಿಯಲ್ಲಿದ್ದ ಕಸವನ್ನೆಲ್ಲ ನಮ್ಮನೆ ಮುಂದೆಯೇ ರಸ್ತೆಗೆ ಸುರಿದ. ಅಕ್ಕ ಒಂದು ಸೀಟಿ ಊದಿದ್ಳು. ಬೀದಿಯ ಎರಡೂ ಕಡೆ ಗಾಡಿಗಳು ನಿಂತ್ವು, ನಡೀತಿದ್ದವರು ಒಂದು ಕಾಲೆತ್ತಿದ ಹಾಗೇ ನಿಂತ್ರು. ಭಾವ ನೀರು ತಂದ್ರು, ಆದ್ರೆ ಚೊಂಬಿನಲ್ಲಿ. ಗಾಡಿಯಮ್ಮ ಕುಂಟೆ ಹಿಡಿದು ಉರಿಯೋ ಕಸದೊಳಗೆ ಇಳಿದು, ಎಳೆದೆಳೆದು ಹರಡಿ, ಮಣ್ಣು ಹಾಕಿ ಆರಿಸಿದ್ಳು. ಎಡಗೈ ಗವಸು ಸುಟ್ಟು ಎರಡು ಬೆರಳಿಗೆ ಬೊಬ್ಬೆ ಬಂತು. ನಾನು ಬಾಗಿಲಲ್ಲಿ ಪೈಜಾಮ ಹಿಡ್ಕೊಂಡು ನಿಂತಿದ್ದೆ.

ಮಧ್ಯಾಹ್ನ ಸೂಪರ್‌ವೈಸರ್ ಬಂದ್ರು, ಸಂಜೆಗೆ ಅವಳ ಕೈಗೆ ನೋಟಿಸ್ ಬಂತು. ಬ್ಯಾಟರಿಯಂಥ ಅಪಾಯದ ಕಸ ಲಾರಿಗೆ ಹಾಕಿದ್ದು ಅವಳ ತಪ್ಪು, ಶನಿವಾರದೊಳಗೆ ಸರಿಯಾದ ವಿವರಣೆ ಕೊಡದಿದ್ರೆ ಕೆಲಸದಿಂದ ತೆಗೀತೀವಿ ಅಂತ. ಗಾಡಿಯಮ್ಮ ನಮ್ಮ ಮೆಟ್ಟಿಲ ಮೇಲೆ ಕೂತು ಅದನ್ನ ಅಕ್ಕನ ಹತ್ರ ಓದಿಸಿದ್ಳು. ಬೆರಳಿಗೆ ಮುಲಾಮು ಹಚ್ಚಿಸ್ಕೊಳ್ತಾ ಹೇಳಿದ್ಳು, ಅವರದ್ದೇ ಇನ್ನೊಂದು ರೂಲ್ಸ್ ಪ್ರಕಾರ ಕಟ್ಟಿದ ಚೀಲ ಅವಳು ಬಿಚ್ಚೋ ಹಾಗಿಲ್ಲವಂತೆ.

"ಬಿಚ್ಚಲೂಬಾರ್ದು, ಒಳಗೇನಿದೆ ಅಂತ ಗೊತ್ತೂ ಇರಬೇಕು," ಅಂದ್ಳು. "ಮೂಸಿ ನೋಡಬೇಕೇನೋ."

ನಗ್ತಾ ಹೇಳಿದ್ಳು. ಹಾಗೆ ಹೇಳೋವಾಗ ನನ್ನ ಕಡೆ ಒಂದು ಸಲ ನೋಡಿದ್ಳು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನಾನು ಅಂಗಿ ಜೇಬು ಮುಟ್ಟಿ ನೋಡ್ಕೊಂಡೆ.

ಅಕ್ಕ ನೋಟಿಸನ್ನ ನಾಲ್ಕು ಮಡಿಕೆ ಮಾಡಿ, ಶನಿವಾರದೊಳಗೆ ಯಾವ ಮನೆಯ ಬ್ಯಾಟರಿ ಅಂತ ಗೊತ್ತಾಗಬೇಕು, ಗೊತ್ತಾಗದಿದ್ರೂ ಬೀದಿಯಲ್ಲಿ ಒಂದು ಸೆಲ್ಲು ಉಳೀಬಾರ್ದು ಅಂದ್ಳು. ಗಾಡಿಯಮ್ಮನ ಕೆಲಸ ಹೋದ್ರೆ ತಾನು ಆ ಸೀಟಿ ಇನ್ನು ಊದೋದಿಲ್ಲವಂತೆ. ಭಾವನಿಗೂ ನನಗೂ ಆಗ ಗೊತ್ತಾಯ್ತು, ಇದು ತಮಾಷೆ ಅಲ್ಲ ಅಂತ.

ಮಂಗಳವಾರ ಅಕ್ಕ ಬೀರುವಿನಿಂದ ಚರ್ಮದ ಬ್ಯಾಗು ತೆಗೆದ್ಳು. ಡಿಪೋದವರು ಟಿಕೆಟ್ ಮಿಷನ್ ಕೊಟ್ಟಾಗ ಬೇಡವಾದ ಕಾಗದದ ಟಿಕೆಟ್ ಕಟ್ಟುಗಳು ಅದರಲ್ಲೇ ಇದ್ವು, ತೂತು ಹೊಡೆಯೋ ಪಂಚ್ ಕೂಡ. ಅವಳ ಲೆಕ್ಕದಲ್ಲಿ ಪ್ರತಿ ಸೆಲ್ಲೂ ಒಬ್ಬ ಪ್ರಯಾಣಿಕ. ಎಲ್ಲಿ ಹತ್ತಿತು, ಎಲ್ಲಿ ಇಳೀತು, ಎರಡೂ ಗೊತ್ತಿರಬೇಕು. ಟಿಕೆಟ್ ಇಲ್ಲದೆ ಇಳಿದದ್ದು ಎಲ್ಲೋ ಬೆಂಕಿ ಹಚ್ಚುತ್ತೆ. ಮನೆಗೊಂದು ಟಿಕೆಟ್, ಅರ್ಧ ಮನೆಯವರಿಗೆ, ಹಿಂದೆ ಮನೆ ನಂಬರೂ ಸೆಲ್ಲಿನ ಲೆಕ್ಕವೂ ಬರೆದ ಇನ್ನರ್ಧ ಅವಳ ಕಟ್ಟಿಗೆ. ಚೆಕಿಂಗು ನಮ್ಮನೆಯಿಂದಲೇ, ನಮ್ಮ ಟಿಕೆಟ್ ಮಾತ್ರ ಎಲ್ಲರದ್ದೂ ಆದ್ಮೇಲೆ ಅಂದ್ಳು.

ಬೀರು ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸೋಕೆ ಹೋದ್ರೆ ನಮ್ಮ ಬೆಕ್ಕು ಬಿಡಲಿಲ್ಲ. ತಿಂಗಳಿಂದ ಅದು ಆ ಡಬ್ಬಿ ಮೇಲೇ ಮಲಗ್ತಿತ್ತು. ತಮ್ಮ ಮೇಲಿನ ಪ್ರೀತಿಗೆ ಅಂತ ಭಾವ ತಿಳ್ಕೊಂಡಿದ್ರು. ಬೆಕ್ಕನ್ನ ಎತ್ತಿ ಅಕ್ಕ ಡಬ್ಬಿ ಮುಟ್ಟಿದ್ಳು, ಕೈ ಹಿಂದಕ್ಕೆ ತಗೊಂಡ್ಳು. ಡಬ್ಬಿ ಬೆಚ್ಚಗಿತ್ತು. ಗೋದಾಮಿನ ಹೊಗೆ ಪತ್ತೆ ಮಾಡೋ ಯಂತ್ರದಿಂದ ತೆಗೆದ ಎರಡು ಚೌಕದ ಬ್ಯಾಟರಿಗಳು ತಲೆಗೆ ತಲೆ ಕೊಟ್ಟು ಮಲಗಿದ್ವು, ಮಧ್ಯೆ ಭಾವನ ಹಳೇ ಬೀಗದ ಕೈ ಗೊಂಚಲು. ಪೂರ್ತಿ ಸತ್ತಿರದ ಬ್ಯಾಟರಿಗಳ ತುದಿಗೆ ತುದಿ ತಾಗಿದ್ರೆ ಹೀಗೇ ಆಗೋದಂತೆ. ಹೊಗೆ ಪತ್ತೆ ಮಾಡಬೇಕಾದವೇ ಹೊಗೆ ಎಬ್ಬಿಸೋಕೆ ಕೂತಿದ್ವು.

ಭಾವ ತಾವೇ ಡಬ್ಬಿಯನ್ನ ಹೊರಗೆ ತಂದ್ರು. ಹದಿನೆಂಟು ವರ್ಷ ಕಾಪಾಡಿದ್ದನ್ನ ಒಂದೊಂದಾಗಿ ತೆಗೆದು, ತುದಿಗೆ ಅಂಟುಪಟ್ಟಿ ಸುತ್ತೋಕೆ ಕೂತ್ರು. ಇನ್ನೂರ ಹದಿನಾಲ್ಕು. ಕೊನೆಗೆ ತಾವೇ ಎದ್ದು ಗೋಡೆ ಗಡಿಯಾರದ್ದೂ ಬಿಚ್ಚಿ ಕೊಟ್ರು, ಹೊಸ ಸೆಲ್ಲು ಹಾಕಿದ್ರು. ಮುಳ್ಳು ಒಂಬತ್ತನ್ನ ನಿಲ್ಲದೆ ದಾಟಿದಾಗ ನಾವು ಮೂವರೂ ನೋಡ್ತಾ ನಿಂತ್ವಿ.

ಆಮೇಲೆ ಬೀದಿ. ಅಕ್ಕ ಮುಂದೆ, ಒಣ ಮರಳಿನ ಬಕೆಟ್ ಹೊತ್ತು ನಾನು ಹಿಂದೆ. ಊದಿದ್ದು, ಒಡೆದದ್ದು ಇದ್ರೆ ಮರಳಿಗೆ. ಬಾಗಿಲು ತೆಗೆದ ಕೂಡಲೇ ಅಕ್ಕ ಕೇಳ್ತಿದ್ದದ್ದು ಒಂದೇ, ಯಾರು ಟಿಕೆಟ್, ಯಾರು ಟಿಕೆಟ್. ನಮ್ಮನೇಲಿ ಅಂಥದ್ದೇನೂ ಇಲ್ಲ ಅಂದವರ ಮನೆಯಿಂದಲೇ ಜಾಸ್ತಿ ಬಂತು. ಸತ್ತ ಫೋನು, ಕಿವಿ ಕೇಳೋ ಯಂತ್ರ, ಹಾಡು ನಿಲ್ಲಿಸಿದ ಆಟಿಕೆ, ಒಬ್ಬರ ಮನೇಲಿ ಇಡೀ ಒಂದು ಕಂಪ್ಯೂಟರು, ಅದರ ಮೇಲೆ ಹೂದಾನಿ. ಒಂದು ಮನೇಲಿ ಹದಿಮೂರು ರಿಮೋಟ್ ಸಿಕ್ಕವು, ಟೀವಿ ಒಂದೇ. ಮಿಕ್ಕ ಹನ್ನೆರಡು ಯಾವುದರದು ಅಂತ ಅವರನ್ನೇ ಕೇಳಿದ್ರೆ, ಒಂದು ಒತ್ತಿ ನೋಡಿದ್ರು, ಎದುರುಮನೆ ಟೀವಿ ಆಫ್ ಆಯ್ತು.

ಯಾವ ಮನೆಗೆ ಹೋದ್ರೂ ಅಕ್ಕ ಕೊನೆಗೆ ಇನ್ನೊಂದು ಪ್ರಶ್ನೆ ಕೇಳ್ತಿದ್ಳು. ಭಾನುವಾರ ಕಸಕ್ಕೆ ಬ್ಯಾಟರಿ ಹಾಕಿದ್ರಾ. ಎಲ್ಲರೂ ಇಲ್ಲ ಅಂತಿದ್ರು. ನನಗೆ ಮಾತ್ರ ಗೊತ್ತಿತ್ತು, ಎಲ್ಲರೂ ನಿಜ ಹೇಳ್ತಿದ್ದಾರೆ ಅಂತ. ಮರಳಿನ ಬಕೆಟ್ ಮನೆಯಿಂದ ಮನೆಗೆ ಭಾರ ಆಗ್ತಿತ್ತು. ಅದಕ್ಕೆ ಏನೂ ಹಾಕದಿದ್ರೂ ಆಗ್ತಿತ್ತು.

ಬುಧವಾರ ಮೊದಲ ಕಂತು ಕೇಂದ್ರಕ್ಕೆ. ಎರಡು ಬಸ್. ಅಕ್ಕ ಎರಡರಲ್ಲೂ ಕಂಡಕ್ಟರಿಗೆ ಕೆಲಸ ಹೇಳಿಕೊಟ್ಳು. ಇಳಿದು ನೋಡಿದ್ರೆ ಕೇಂದ್ರ ಅಂದ್ರೆ ಒಂದು ತಗಡಿನ ಶೆಡ್ಡು, ಡ್ರಮ್ಮುಗಳ ಸಾಲು, ತಕ್ಕಡಿ, ತಕ್ಕಡಿ ಪಕ್ಕ ಸ್ಟೂಲಿನ ಮೇಲೆ ಬೆವರು ಒರೆಸಿಕೊಳ್ತಾ ಕೂತ ಒಬ್ಬ ಮನುಷ್ಯ. ಅಕ್ಕ ತಲೆಯೆತ್ತಿ ತಗಡು ನೋಡಿದ್ಳು.

"ಏಸಿ ಎಲ್ಲೋ?" ಅಂದ್ಳು.

ಕೆಟ್ಟಿರಬೇಕು ಅಂದೆ.

ಆ ಮನುಷ್ಯ ಒಂದೊಂದೇ ನೋಡಿ ಬೇರೆ ಬೇರೆ ಡ್ರಮ್ಮಿಗೆ ಹಾಕಿದ. ಅಂಟುಪಟ್ಟಿ ಸುತ್ತಿದ್ದನ್ನ ನೋಡಿ, ಇಷ್ಟು ಚೊಕ್ಕಟವಾಗಿ ಯಾರೂ ತರಲ್ಲ ಅಂದ. ಇದರೊಳಗಿನ ಸತು, ತಾಮ್ರ, ಕಬ್ಬಿಣ ಎಲ್ಲಾ ಮತ್ತೆ ಕೆಲಸಕ್ಕೆ ಬರುತ್ತಂತೆ. ಭಾವ ಇದ್ದಿದ್ರೆ ಅತ್ತುಬಿಡ್ತಿದ್ರು. ಏನಕ್ಕಾದ್ರೂ ಬೇಕಾಗಬಹುದು ಅಂತ ಅವರು ಹದಿನೆಂಟು ವರ್ಷದಿಂದ ಹೇಳಿದ್ದು ಇದನ್ನೇ. ಅಕ್ಕ ಹೊರಡೋವಾಗ ನನ್ನನ್ನ ತೋರಿಸಿ, ಇವನು ಭಾನುವಾರ ಬಂದಿದ್ನಲ್ಲ, ನೆನಪಿದೆಯಾ ಅಂದ್ಳು. ಭಾನುವಾರ ರಜ ಅಂದ ಅವನು.

ವಾಪಸ್ ಬರೋ ಎರಡು ಬಸ್ಸಿನಲ್ಲೂ ಅಕ್ಕ ಟಿಕೆಟ್ ಕಟ್ಟು ಎಣಿಸ್ತಾ ಕೂತಿದ್ಳು. ಬೈದಿದ್ರೆ ಒಂದು ಕಥೆ ಕಟ್ಟಿ ತಪ್ಪಿಸಿಕೊಳ್ತಿದ್ದೆ. ನಮ್ಮ ಸ್ಟಾಪಿನಲ್ಲಿ ಇಳಿದ್ಮೇಲೆ ಕಟ್ಟಿನಿಂದ ಒಂದು ಟಿಕೆಟ್ ಹರಿದು, ತೂತು ಹೊಡೀದೆ, ಮನೆ ನಂಬರು ಬರೀದೆ ನನ್ನ ಜೇಬಿಗೆ ಇಟ್ಟಳು.

"ಇದನ್ನ ನಾನು ತುಂಬೋಕಾಗಲ್ಲ ಕಣೋ," ಅಂದ್ಳು. "ಶನಿವಾರದ ತನಕ ಟೈಮಿದೆ."

ಗುರುವಾರ, ಶುಕ್ರವಾರ ಬೀದಿಯ ಉಳಿದ ಮನೆಗಳನ್ನ ಮುಗಿಸಿದ್ವಿ. ನಾನು ಗಾಡಿಯಮ್ಮನ ಮುಖ ನೋಡ್ದೆ ಓಡಾಡ್ತಿದ್ದೆ. ಶುಕ್ರವಾರ ಅವಳೇ ಅಂಗಡಿಗೆ ಬಂದ್ಳು. ಚೀಲದ ಹಿಡಿಕೆ ಕಿತ್ತಿದೆ, ಹೊಲಿದುಕೊಡಿ ಟೈಲರಣ್ಣ ಅಂದ್ಳು. ಹೊಲಿದೆ. ಅವಳು ಗೋಡೆಗೆ ತೂಗು ಹಾಕಿದ್ದ ಅಂಗಿಗಳನ್ನ, ಅವುಗಳ ಗುಂಡಿಗಳನ್ನ ನಿಧಾನವಾಗಿ ನೋಡ್ತಾ ನಿಂತಿದ್ಳು. ನಾಳೆ ಕೊನೇ ದಿನ ಅಲ್ವಾ ಅಂದೆ. ಹೌದು, ನೋಡೋಣ, ಬೀದಿಯವರು ಒಳ್ಳೆಯವರು ಅಂದ್ಳು. ಬೊಬ್ಬೆ ಬಂದ ಬೆರಳಿಂದ ಚೀಲ ತಗೊಂಡು ಹೋದ್ಳು.

ಅವತ್ತು ತೀರ್ಮಾನ ಮಾಡಿದೆ. ಟಿಕೆಟ್ ತೆಗೆದು ಮನೆ ನಂಬರು ಬರೆದೆ. ಅದರ ಕೆಳಗೆ, ಹತ್ತಿದ್ದು ನನ್ನ ಜೇಬಲ್ಲಿ, ಇಳಿದದ್ದು ಲಾರಿಯಲ್ಲಿ ಅಂತ ಬರೆದೆ. ನಾನು ಬರೆದದ್ದರಲ್ಲಿ ಅದೇ ಅತಿ ಚಿಕ್ಕ ಕಥೆ.

ಶನಿವಾರ ಹನ್ನೊಂದಕ್ಕೆ ಸೂಪರ್‌ವೈಸರ್ ಆಫೀಸು. ಒಂದು ಮೇಜು, ಮೂರು ಕುರ್ಚಿ, ನಿಂತ ಗಡಿಯಾರ, ಫೈಲುಗಳು. ಅಕ್ಕ ಟಿಕೆಟ್ ಕಟ್ಟು ಮೇಜಿನ ಮೇಲಿಟ್ಟು, ನಲವತ್ತೆರಡು ಮನೆ, ನಲವತ್ತೊಂದು ಟಿಕೆಟ್ ಅಂದ್ಳು. ಆಮೇಲೆ ನನ್ನ ಕಡೆ ತಿರುಗದೆ ಕಿಟಕಿ ನೋಡ್ತಾ ನಿಂತ್ಳು. ನಾನು ನನ್ನ ಟಿಕೆಟ್ ಅದರ ಮೇಲಿಟ್ಟೆ, ಎಲ್ಲಾ ಹೇಳಿದೆ. ಫೋನು, ಜೇಬು, ಗುಂಡಿ, ಚೀಲದ ತಳ, ಗಂಟು. ಒಂದು ಉಪ್ಪಿನಕಾಳಷ್ಟೂ ಸೇರಿಸಲಿಲ್ಲ.

ಸೂಪರ್‌ವೈಸರ್ ನಕ್ಕುಬಿಟ್ರು.

"ನೀವು ಬುರುಡೆ ಟೈಲರ್ ಅಲ್ವಾ? ಕೋಟು ಕನ್ನಡಿ ಮುಂದೆ ನಿಂತಿದ್ದ ಕಥೆ ನಾನೂ ಕೇಳಿದ್ದೀನಿ. ಆಯಮ್ಮನ ಮೇಲೆ ಕನಿಕರ, ಒಪ್ಕೋತೀನಿ. ಅದಕ್ಕೆ ಹೀಗೆಲ್ಲ ಕಥೆ ಕಟ್ಟಬಾರ್ದು."

ಐವತ್ತೆರಡು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಬರೀ ನಿಜ ಹೇಳಿದ್ದೆ. ಆಣೆ ಮಾಡ್ತೀನಿ ಅಂದೆ, ಬರೆದುಕೊಡ್ತೀನಿ ಅಂದೆ. ಅವರು ಫೈಲು ಎಳ್ಕೊಂಡು ಪೆನ್ನಿನ ಮುಚ್ಚಳ ತೆಗೆದ್ರು. ನಾನು ಕುರ್ಚಿ ಎಳೆದು ಅವರ ಎದುರು ಕೂತೆ. ನೀವು ನಂಬೋ ತನಕ ಏಳಲ್ಲ, ನನಗೆ ಇವತ್ತು ಬೇರೆ ಕೆಲಸ ಇಲ್ಲ ಅಂದೆ.

ಆಗ ಬಾಗಿಲ ಹತ್ರ ನಿಂತಿದ್ದ ಗಾಡಿಯಮ್ಮ ಮುಂದೆ ಬಂದ್ಳು. ನಾನೇ ಹಿಡಿಕೆ ಹೊಲಿದ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ್ಳು. ಅರ್ಧ ಸುಟ್ಟ ಜೇಬು. ಬ್ಯಾಟರಿಯ ಬೆಳ್ಳಿ ಬಣ್ಣದ ಸಿಪ್ಪೆ ಬಟ್ಟೆಗೆ ಕರಗಿ ಅಂಟಿತ್ತು. ಮೇಲೆ ಗುಂಡಿ ಹಾಕಿದ ಹಾಗೇ ಇತ್ತು. ಸೋಮವಾರ ಕುಂಟೆಗೆ ಸಿಕ್ಕಿದ್ದಂತೆ.

ನಾಲ್ಕು ತೂತಿನ ಗುಂಡಿಯನ್ನ ಎಲ್ಲರೂ ಅಡ್ಡಡ್ಡ ಇಲ್ಲಾ ಉದ್ದುದ್ದ ಹೊಲೀತಾರೆ. ನಾನು ಒಂದೇ ತೂತಿನಿಂದ ಮಿಕ್ಕ ಮೂರಕ್ಕೂ ದಾರ ಎಳೀತೀನಿ, ಹಕ್ಕಿ ಹೆಜ್ಜೆಯ ಹಾಗೆ. ಅಪ್ಪ ಹೊಲೀತಿದ್ದದ್ದು ಹಾಗೆ, ಆಮೇಲೆ ನಾನು. ಸೂಪರ್‌ವೈಸರ್ ಅಂಗಿಯ ಎರಡನೇ ಗುಂಡಿ ಇರಲಿಲ್ಲ. ಅಲ್ಲಾಡಬೇಡಿ ಅಂದೆ. ಸೂಜಿ ದಾರ, ಗುಂಡಿ ನನ್ನ ಜೇಬಲ್ಲಿ ಯಾವಾಗ್ಲೂ ಇರುತ್ತೆ. ಅವರ ಎದೆ ಮೇಲೆಯೇ ಹೊಲಿದೆ. ಅವರು ಗದ್ದ ಬಗ್ಗಿಸಿ ತಮ್ಮ ಗುಂಡಿ ನೋಡಿದ್ರು, ಮೇಜಿನ ಮೇಲಿನ ಗುಂಡಿ ನೋಡಿದ್ರು, ಮತ್ತೆ ತಮ್ಮದು ನೋಡಿದ್ರು. ಎರಡು ಹಕ್ಕಿ, ಒಂದೇ ಹೆಜ್ಜೆ.

ಸೋಮವಾರವೇ ಯಾಕೆ ತೋರಿಸಲಿಲ್ಲ ಅಂತ ಅವಳನ್ನ ಕೇಳಿದ್ರು.

"ನಾನು ತೋರಿಸಿದ್ರೆ ಚಾಡಿ ಆಗ್ತಿತ್ತು ಸ್ವಾಮಿ," ಅಂದ್ಳು. "ಟೈಲರಣ್ಣ ಹೇಳಿದ್ಮೇಲೆ ತೋರಿಸಿದೆ. ಈಗ ಸಾಕ್ಷಿ."

ಹೇಳದೇ ಇದ್ದಿದ್ರೆ ಅಂತ ನಾನು ಕೇಳಲಿಲ್ಲ. ಉತ್ತರ ಅವಳ ಸುಟ್ಟ ಬೆರಳಲ್ಲೇ ಇತ್ತು, ಕೆಲಸ ಹೋದ್ರೂ ಅವಳು ಪೊಟ್ಟಣ ಬಿಚ್ತಿರಲಿಲ್ಲ.

ಸೂಪರ್‌ವೈಸರ್ ನನ್ನ ಹೇಳಿಕೆಯನ್ನ ಮೂರು ಪ್ರತಿ ಬರೆಸಿಕೊಂಡ್ರು. ನೋಟಿಸ್ ರದ್ದು ಅಂತ ಅದೇ ಹಾಳೆ ಮೇಲೆ ಬರೆದು ಸಹಿ ಹಾಕಿ, ಸುಟ್ಟ ಜೇಬಿಗೆ ಪಿನ್ನು ಚುಚ್ಚಿ ಫೈಲಿಗೆ ಸೇರಿಸಿದ್ರು. ನನ್ನ ಒಂದೇ ಒಂದು ನಿಜ ಈಗ ಸರ್ಕಾರಿ ಬೀರುವಿನಲ್ಲಿ ಸೀಲು ಸಮೇತ ಇದೆ. ಬೇಕಾದವರು ಅರ್ಜಿ ಹಾಕಿ ನೋಡಬಹುದು. ಗಾಡಿಗೆ ಒಂದು ಮುಚ್ಚಳದ ಡಬ್ಬಿ, ಅದರಲ್ಲಿ ಮರಳು, ಹೊಸ ಗವಸು, ಇವು ಮೂರೂ ಸೋಮವಾರದೊಳಗೆ ಬರಬೇಕು ಅಂತ ಅಕ್ಕ ಬರೆಸಿದ್ಳು, ಬರೆಸಿಯೇ ಮೇಜು ಬಿಟ್ಳು. ಹೊರಡೋವಾಗ ಅವರ ನಿಂತ ಗಡಿಯಾರದ ಸೆಲ್ಲನ್ನೂ ಬಿಚ್ಚಿಸಿ ಟಿಕೆಟ್ ಕೊಟ್ಳು.

ನನ್ನ ಶಿಕ್ಷೆ ನಾನೇ ಹಾಕ್ಕೊಂಡೆ. ಕೆಂಪು ಗಟ್ಟಿ ಬಟ್ಟೆಯಲ್ಲಿ ನಲವತ್ತೆರಡು ಚೀಲ ಹೊಲಿದೆ, ಮನೆಗೊಂದು, ಸತ್ತ ಸೆಲ್ಲು ಹಾಕಿಡೋಕೆ ಬಾಗಿಲ ಹಿಂದೆ ತೂಗು ಹಾಕೋಕೆ. ಒಂದೊಂದಕ್ಕೂ ಹಕ್ಕಿ ಹೆಜ್ಜೆಯ ಗುಂಡಿ, ಏನಾದ್ರೂ ಆದ್ರೆ ಎಲ್ಲಿಂದ ಬಂತು ಅಂತ ಗೊತ್ತಾಗಲಿ. ಗಾಡಿಯಮ್ಮ ವಾರವೆಲ್ಲ ಅವುಗಳಲ್ಲಿನ ಸೆಲ್ಲನ್ನ ಡಬ್ಬಿಗೆ ತುಂಬಿಸ್ಕೊಳ್ತಾಳೆ, ಶನಿವಾರ ನಾನು ಕೇಂದ್ರಕ್ಕೆ ಹೊತ್ತುಕೊಂಡು ಹೋಗ್ತೀನಿ. ಎರಡು ಬಸ್. ಮದುವೆ ಕೋಟು ಕಾಯ್ಲಿ. ತಗಡಿನ ಶೆಡ್ಡಿನ ಮನುಷ್ಯ ಎಣಿಸಿ, ತೂಕ ಹಾಕಿ ಚೀಟಿ ಕೊಡ್ತಾನೆ. ಟೀ ಇವತ್ತಿಗೂ ಕೊಟ್ಟಿಲ್ಲ.

ಮನೆಗೆ ಬಂದು ಚೀಟಿಯನ್ನ ಅಕ್ಕನ ಕೈಗೆ ಕೊಡ್ತೀನಿ. ಅವಳು ಟಿಕೆಟ್ ಕಟ್ಟಿನ ಜೊತೆ ತಾಳೆ ನೋಡ್ತಾಳೆ. ಈ ವಾರ ಒಂದು ಸೆಲ್ಲು ಕಡಿಮೆ ಬಂತು. ಕೂತಿದ್ದವಳು ಎದ್ದು ಒಂದು ಸೀಟಿ ಊದಿದ್ಳು. ನಾನು ಚಪ್ಪಲಿ ಬಿಡ್ದೆ ನಿಂತೆ. ಅಂಗಿ, ಪ್ಯಾಂಟು, ಚೀಲ ಎಲ್ಲಾ ತಡಕಿದ್ರೆ ಚೀಲದ ಹೊಲಿಗೆ ಮಧ್ಯೆ ಸಿಕ್ಕಿಹಾಕ್ಕೊಂಡಿತ್ತು, ಕೈಗಡಿಯಾರದ ಗುಂಡು ಸೆಲ್ಲು, ಬೇಳೆಕಾಳಷ್ಟು. ಮುಂದಿನ ಶನಿವಾರ ಕೊಡೋಣ ಅಂದ್ರು ಭಾವ. ಅಕ್ಕ ಇನ್ನೇನು ಹೇಳೋ ಮೊದಲೇ ನಾನು ಮೆಟ್ಟಿಲು ಇಳಿದಿದ್ದೆ. ಹಿಂದಿನಿಂದ ಎರಡು ಸೀಟಿ ಕೇಳಿಸ್ತು.